ಪುಸ್ತಕಕ್ಕೆ ದುಡ್ಡಿದೆ, ಕೈಗೆ ಕೊಡುವವರಿಲ್ಲ

ದಾವಣಗೆರೆಯ ಕರೂರು ಕೈಗಾರಿಕಾ ಪ್ರದೇಶದ ಆಸುಪಾಸಿನ ಸರ್ಕಾರಿ ಶಾಲೆಗಳಿಗೆ ಬರುವವರು ಹೆಚ್ಚಾಗಿ ಕಾರ್ಖಾನೆ, ಗೋದಾಮು, ಮಂಡಕ್ಕಿ ಭಟ್ಟಿಗಳಲ್ಲಿ ದುಡಿಯುವವರ ಮಕ್ಕಳು. ಇಂಥ ಮನೆಗಳಲ್ಲಿ ಪಠ್ಯಪುಸ್ತಕ ಬಿಟ್ಟರೆ ಬೇರೆ ಪುಸ್ತಕ ಇರುವುದು ಅಪರೂಪ. ಶಾಲೆಯಲ್ಲಿ ಕಥೆಪುಸ್ತಕ ಸಿಗದಿದ್ದರೆ ಈ ಮಕ್ಕಳಿಗೆ ಇನ್ನೆಲ್ಲೂ ಸಿಗುವುದಿಲ್ಲ. ಆದ್ದರಿಂದ ಶಾಲಾ ಗ್ರಂಥಾಲಯದ ಈಗಿನ ವ್ಯವಸ್ಥೆಯನ್ನು ಇಲ್ಲಿಂದಲೇ ಅಳೆದು ನೋಡಬೇಕು.

ದುಡ್ಡೇ ಇಲ್ಲ ಎಂದು ಹೇಳುವಂತಿಲ್ಲ. 2018ರಲ್ಲಿ ಬಂದ ಸಮಗ್ರ ಶಿಕ್ಷಣ ಯೋಜನೆ ಗ್ರಂಥಾಲಯಕ್ಕೆಂದೇ ವಾರ್ಷಿಕ ಅನುದಾನ ಇಟ್ಟಿತು. ಶಾಲೆಯ ಹಂತ ನೋಡಿಕೊಂಡು 5,000 ರೂಪಾಯಿಯಿಂದ 20,000ದವರೆಗೆ. ಮಕ್ಕಳ ಪುಸ್ತಕಕ್ಕೆ ಸರಾಸರಿ ಐವತ್ತು ರೂಪಾಯಿ ಹಿಡಿದರೂ ಅತಿ ಸಣ್ಣ ಶಾಲೆಗೆ ವರ್ಷಕ್ಕೆ ನೂರು ಪುಸ್ತಕ ಬರಬಹುದು. ಐದು ವರ್ಷ ಸರಿಯಾಗಿ ಕೊಂಡರೆ ಅದು ಒಳ್ಳೆಯ ಗ್ರಂಥಾಲಯವೇ.

ಆದರೆ ಮುಖ್ಯೋಪಾಧ್ಯಾಯರ ಕೊಠಡಿಯ ಕಬ್ಬಿಣದ ಬೀರು ತೆಗೆದು ನೋಡಿ. ಮೇಲಿನ ಅರೆಯಲ್ಲಿ ಭಾರತ-ಭಾರತಿಯ ಪುಟ್ಟ ಜೀವನಚರಿತ್ರೆಗಳು, ನೆಹರು ಬಾಲ ಪುಸ್ತಕಾಲಯದ ಬಣ್ಣದ ಪುಸ್ತಕಗಳು, ದಾರ ಕಟ್ಟಿಟ್ಟ ‘ಬಾಲವಿಜ್ಞಾನ’ದ ಹಳೆಯ ಸಂಚಿಕೆಗಳು. ಕೆಳಗಿನ ಅರೆಯಲ್ಲಿ ಹೋದ ವರ್ಷ ಉಳಿದ ಪಠ್ಯಪುಸ್ತಕ, ನಲಿ-ಕಲಿ ಕಾರ್ಡು, ಬಾವುಟ. ಎಲ್ಲದಕ್ಕೂ ಮೊಹರು ಬಿದ್ದಿದೆ, ನಂಬರು ಹಾಕಿದೆ. ಎಷ್ಟೋ ಪುಸ್ತಕಗಳ ಬೆನ್ನು ಮಾತ್ರ ಒಮ್ಮೆಯೂ ಮಡಚಿಲ್ಲ. ದಾಸ್ತಾನು ವಹಿ ಪೂರ್ತಿ ತುಂಬಿದೆ, ಮಕ್ಕಳಿಗೆ ಕೊಟ್ಟ ವಹಿಯಲ್ಲಿ ಮೊದಲ ಕೆಲವು ಪುಟಗಳ ನಂತರ ಏನೂ ಇಲ್ಲ.

ಇದಕ್ಕೆ ಶಿಕ್ಷಕರನ್ನು ದೂರುವುದು ಅನ್ಯಾಯ. ಗ್ರಂಥಾಲಯದ ಚಾರ್ಜು ಹೊತ್ತ ಶಿಕ್ಷಕಿಯೇ ಬಿಸಿಯೂಟದ ಲೆಕ್ಕ ಬರೆಯಬೇಕು, ಮೊಟ್ಟೆ ಎಣಿಸಬೇಕು, ಆನ್‌ಲೈನ್ ಮಾಹಿತಿ ತುಂಬಬೇಕು, ಚುನಾವಣೆ ಬಂದರೆ ಮತದಾರರ ಪಟ್ಟಿ ಹಿಡಿದು ಮನೆಮನೆ ತಿರುಗಬೇಕು. ಅದಕ್ಕಿಂತ ದೊಡ್ಡದು ಹೆದರಿಕೆ. ಪುಸ್ತಕ ಕಳೆದರೆ ಆಡಿಟ್‌ನಲ್ಲಿ ಪ್ರಶ್ನೆ ಬರುತ್ತದೆ. ವರ್ಗವಾದಾಗ ಚಾರ್ಜು ಕೊಡಲು ಲೆಕ್ಕ ಕೂಡಬೇಕು, ಕೂಡದಿದ್ದರೆ ಕೈಯಿಂದ ಕಟ್ಟಬೇಕು. ಮಕ್ಕಳು ಓದಿದ ಪುಸ್ತಕ ಹರಿಯುತ್ತದೆ, ಕಳೆಯುತ್ತದೆ, ತಮ್ಮನ ಕೈಗೆ ಸಿಕ್ಕಿ ಚಿತ್ರವಾಗುತ್ತದೆ. ಅದು ತಪ್ಪಲ್ಲ, ಬಳಕೆ. ಈ ವ್ಯವಸ್ಥೆಯಲ್ಲಿ ಬಳಕೆಯೇ ನಷ್ಟದ ಕಲಮಿಗೆ ಸೇರುತ್ತದೆ. ಬೀಗ ಹಾಕಿಟ್ಟವರಿಗೆ ಯಾವ ತೊಂದರೆಯೂ ಇಲ್ಲ, ತೆಗೆದುಕೊಟ್ಟವರಿಗೆ ಮಾತ್ರ ದಂಡ.

ಪುಸ್ತಕ ಕೊಡುವವರ ಕೊರತೆ ಕಾನೂನಿನಲ್ಲೂ ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ಪ್ರತಿ ಶಾಲೆಯಲ್ಲೂ ಪತ್ರಿಕೆ, ನಿಯತಕಾಲಿಕ, ಕಥೆಪುಸ್ತಕಗಳಿರುವ ಗ್ರಂಥಾಲಯ ಇರಬೇಕು ಎನ್ನುತ್ತದೆ. ನೂರಕ್ಕಿಂತ ಹೆಚ್ಚು ಮಕ್ಕಳಿರುವ ಹಿರಿಯ ಪ್ರಾಥಮಿಕ ಹಂತಕ್ಕೆ ಚಿತ್ರಕಲೆ, ದೈಹಿಕ ಶಿಕ್ಷಣ, ಕಾರ್ಯಾನುಭವಕ್ಕೆ ಅರೆಕಾಲಿಕ ಬೋಧಕರನ್ನು ಹೇಳುತ್ತದೆ. ಗ್ರಂಥಪಾಲಕರ ಹೆಸರೇ ಅಲ್ಲಿಲ್ಲ. ಗಣಿತದ ಮೇಷ್ಟ್ರಾಗಿದ್ದು ಗ್ರಂಥಪಾಲಕರಾದ ಎಸ್.ಆರ್. ರಂಗನಾಥನ್ ಕೊನೆಗಾಲದಲ್ಲಿ ನೆಲೆಸಿದ್ದು ನಮ್ಮ ಬೆಂಗಳೂರಿನಲ್ಲಿ. ಪುಸ್ತಕ ಇರುವುದು ಕಾಪಾಡಲಿಕ್ಕಲ್ಲ, ಬಳಸಲಿಕ್ಕೆ ಎಂದು ಅವರು 1931ರಲ್ಲೇ ಸೂತ್ರ ಮಾಡಿಟ್ಟಿದ್ದರು. ಅದು ನಮ್ಮ ಶಾಲೆಯ ಬೀರುವಿನ ತನಕ ಇನ್ನೂ ಬಂದಿಲ್ಲ.

ಪುಸ್ತಕ ತೆಗೆದುಕೊಡಲು ಒಬ್ಬರಿದ್ದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ಉದಾಹರಣೆ ಇದೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದವು. 2020ರ ನವೆಂಬರಿನಲ್ಲಿ ‘ಓದುವ ಬೆಳಕು’ ಶುರುವಾಗಿ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ಸಿಕ್ಕಿತು. ಕೊರೊನಾದಿಂದ ಶಾಲೆ ಮುಚ್ಚಿದ್ದ ಕಾಲದಲ್ಲಿ ಇದು ನಿಜಕ್ಕೂ ಒಳ್ಳೆಯ ಕೆಲಸ. ಬಾಗಿಲು ತೆಗೆದು ಕೂತು ಮಕ್ಕಳನ್ನು ಒಳಗೆ ಕರೆಯುವ ಮೇಲ್ವಿಚಾರಕರು ಅಲ್ಲಿದ್ದದ್ದೇ ಅದರ ಬಲ. ಆದರೆ ಅದು ಪಂಚಾಯಿತಿಯ ಕಾರ್ಯಕ್ರಮ. ನಗರದ ಅಂಚಿನ ಕಾರ್ಮಿಕ ಬಡಾವಣೆಯ ಮಕ್ಕಳಿಗೆ ಅದರ ಪಾಲಿಲ್ಲ. ನಗರದಲ್ಲಿ 1965ರ ಗ್ರಂಥಾಲಯ ಕಾಯ್ದೆಯ ಪ್ರಕಾರ ಆಸ್ತಿ ತೆರಿಗೆಯ ರೂಪಾಯಿಗೆ ಆರು ಪೈಸೆ ಕರ ವಸೂಲಾಗುತ್ತದೆ. ಅದು ಸಾರ್ವಜನಿಕ ಗ್ರಂಥಾಲಯಕ್ಕೆ ಮೀಸಲು, ಶಾಲೆಯದು ಬೇರೆ ಇಲಾಖೆ. ಎರಡು ಇಲಾಖೆಗಳ ನಡುವೆ ಈ ಮಕ್ಕಳನ್ನು ಕೇಳುವವರಿಲ್ಲ.

ಪ್ರತಿ ಶಾಲೆಗೂ ಒಬ್ಬ ಗ್ರಂಥಪಾಲಕ ನಾಳೆಯೇ ಬರಲಿ ಎನ್ನುವುದು ಆಗದ ಮಾತು. ಕ್ಲಸ್ಟರಿಗೊಬ್ಬ ಶಿಕ್ಷಕ-ಗ್ರಂಥಪಾಲಕರನ್ನು ಕೊಡಬಹುದು. ವಾರದಲ್ಲಿ ಒಂದೊಂದು ದಿನ ಒಂದೊಂದು ಶಾಲೆ. ಅವರಿಗೆ ಬೇರೆ ಯಾವ ಚಾರ್ಜೂ ಬೇಡ. ತೆನಾಲಿ ರಾಮನ ಕಥೆ ಮುಗಿಸಿ ಬಂದ ನಾಲ್ಕನೇ ತರಗತಿಯ ಹುಡುಗಿಗೆ ಮುಂದೆ ಯಾವುದು ಹಿಡಿಸೀತು ಎಂದು ತಿಳಿದು ಕೊಡುವುದು, ಅಕ್ಷರ ಕೂಡಿಸಲು ಒದ್ದಾಡುವ ಆರನೇ ತರಗತಿಯ ಹುಡುಗನಿಗೆ ನಾಚಿಕೆಯಾಗದ ಹಾಗೆ ಚಿತ್ರದ ಪುಸ್ತಕ ಕೊಡುವುದು, ಮನೆಯಲ್ಲಿ ಉರ್ದು, ಲಂಬಾಣಿ, ತೆಲುಗು ಆಡುವ ಮಕ್ಕಳಿಗೆ ಗಟ್ಟಿಯಾಗಿ ಕನ್ನಡ ಓದಿ ಹೇಳುವುದು ಅವರ ಕೆಲಸ. ಇದಕ್ಕೆ ತರಬೇತಿ ಬೇಕು. ಪಕ್ಕದ ಜಿಲ್ಲೆಯ ಕುವೆಂಪು ವಿಶ್ವವಿದ್ಯಾಲಯದಲ್ಲಿ ಗ್ರಂಥಾಲಯ ವಿಜ್ಞಾನ ವಿಭಾಗವೇ ಇದೆ.

ಹುದ್ದೆ ಮಂಜೂರಾಗುವ ತನಕ ಕಾಯಬೇಕಾಗಿಲ್ಲದ ಕೆಲಸವೂ ಒಂದಿದೆ. ವರ್ಷಕ್ಕೆ ನೂರಕ್ಕೆ ಹತ್ತು ಪುಸ್ತಕ ಹರಿದರೂ ಕಳೆದರೂ ಶಿಕ್ಷಕರಿಂದ ವಸೂಲಿ ಇಲ್ಲ, ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ಬರೆದುಕೊಂಡು ವಹಿಯಿಂದ ತೆಗೆಯಬಹುದು ಎಂದು ಶಿಕ್ಷಣ ಇಲಾಖೆ ಒಂದು ಸುತ್ತೋಲೆ ಹೊರಡಿಸಲಿ. ಆಡಿಟ್‌ಗೆ ಬಂದವರು ದಾಸ್ತಾನು ವಹಿಯ ಜೊತೆ ಮಕ್ಕಳಿಗೆ ಕೊಟ್ಟ ವಹಿಯನ್ನೂ ಕೇಳಲಿ, ಅದು ಖಾಲಿ ಇದ್ದರೆ ಅದನ್ನೇ ಆಕ್ಷೇಪವಾಗಿ ಬರೆಯಲಿ.