ದಿನಾಚರಣೆಯೇ, ದಿನಚರಿಯೇ?

ಗುಜರಾತಿನ ಶಾಲೆಗಳಲ್ಲಿ ‘ತಿಥಿ ಭೋಜನ್’ ನಡೆಯುತ್ತದೆ ಎಂದರೆ ಕನ್ನಡದ ಕಿವಿ ಒಂದು ಗಳಿಗೆ ಬೆಚ್ಚುತ್ತದೆ. ನಮಗೆ ತಿಥಿ ಎಂದರೆ ಪಿಂಡ, ವಡೆ, ಕಾಗೆ. ಅಲ್ಲಿ ಹಾಗಲ್ಲ. ಮಗುವಿನ ಹುಟ್ಟುಹಬ್ಬವೋ ಮಗಳ ಮದುವೆಯೋ ಹಿರಿಯರ ನೆನಪೋ, ಮನೆಯ ಯಾವ ವಿಶೇಷ ದಿನಕ್ಕಾದರೂ ಊರಿನವರು ಶಾಲೆಯ ಮಕ್ಕಳಿಗೆ ಊಟ ಹಾಕಿಸಬಹುದು. 2021ರಲ್ಲಿ ಬಿಸಿಯೂಟಕ್ಕೆ ‘ಪಿಎಂ ಪೋಷಣ್’ ಎಂಬ ಹೊಸ ಹೆಸರು ಬಂದಾಗ ಕೇಂದ್ರ ಸರ್ಕಾರ ಈ ಪದ್ಧತಿಯನ್ನು ದೇಶಕ್ಕೆಲ್ಲ ಹರಡಲು ಹೊರಟಿತು. ಉಳ್ಳವರ ಮನೆಯ ಸಂತೋಷ ಶಾಲೆಯ ಪಂಕ್ತಿಗೆ ಬರುವುದು ಚೆಂದವೇ. ಆದರೆ ದಾನಿಗಳಿರುವ ಬಡಾವಣೆಯ ಶಾಲೆಗೆ ವರ್ಷಕ್ಕೆ ಹತ್ತು ತಿಥಿ ಬಂದರೆ, ಕೂಲಿಕಾರರ ಬಸ್ತಿಯ ಶಾಲೆಗೆ ಒಂದೂ ಬಾರದೆ ಹೋಗಬಹುದು. ಹಬ್ಬದ ಎಲೆ ಎತ್ತಿದ ಮೇಲೆ ಮಾರನೆಯ ದಿನದ ತಟ್ಟೆಯಲ್ಲಿ ಏನಿದೆ?

ಶಾಲಾಮಕ್ಕಳ ಆರೋಗ್ಯದ ಹೆಸರಿನಲ್ಲಿ ಅಹಮದಾಬಾದ್, ವಡೋದರ, ಸೂರತ್‌ಗಳಲ್ಲಿ ನಡೆದಿರುವುದನ್ನೆಲ್ಲ ಈ ಪ್ರಶ್ನೆಯ ಒರೆಗೆ ಹಚ್ಚಿ ನೋಡಬೇಕು. ಅದು ದಿನಾಚರಣೆಯೇ, ದಿನಚರಿಯೇ?

ದಿನಚರಿಯ ಶಕ್ತಿಗೆ ಒಳ್ಳೆಯ ಸಾಕ್ಷಿ ವಡೋದರದಲ್ಲೇ ಇದೆ. ಅಲ್ಲಿನ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯದಲ್ಲಿ ಪೋಷಣಶಾಸ್ತ್ರಜ್ಞೆ ತಾರಾ ಗೋಪಾಲದಾಸ್ ಮತ್ತು ಸಂಗಡಿಗರು ಬಡ ಮನೆಗಳ ಶಾಲಾಹುಡುಗರಿಗೆ ಕೆಲವು ವಾರ ಕಬ್ಬಿಣಾಂಶದ ಮಾತ್ರೆ ಕೊಟ್ಟು ನೋಡಿದರು. 1985ರಲ್ಲಿ ಪ್ರಕಟವಾದ ಆ ಅಧ್ಯಯನ ರಕ್ತವನ್ನಷ್ಟೇ ಅಳೆದು ಸುಮ್ಮನಾಗಲಿಲ್ಲ. ಹೇಳಿದ ಅಂಕಿಗಳನ್ನು ಹುಡುಗ ಮರಳಿ ಹೇಳಬಲ್ಲನೇ, ಕಂಡ ಚಿತ್ರವನ್ನು ನೆನಪಿನಿಂದ ತೆಗೆಯಬಲ್ಲನೇ, ಚಕ್ರವ್ಯೂಹದಂಥ ಗೆರೆಗಳ ನಡುವೆ ಹೊರದಾರಿ ಹುಡುಕಬಲ್ಲನೇ ಎಂದೂ ಪರೀಕ್ಷಿಸಿತು. ಮಾತ್ರೆ ನುಂಗಿದವರು ಇವುಗಳಲ್ಲಿ ಸುಧಾರಿಸಿದ್ದರು. ‘ದಡ್ಡ’ ಎಂದು ಮೇಷ್ಟ್ರು ಹಣೆಪಟ್ಟಿ ಹಚ್ಚಿದ ಹುಡುಗನಿಗೆ ಬುದ್ಧಿಯ ಬದಲು ಕಬ್ಬಿಣ ಕಡಿಮೆಯಾಗಿರಬಹುದು ಎಂಬ ಮಾತಿಗೆ ಹೀಗೆ ಆಧಾರ ಸಿಕ್ಕಿತು. ತೊಂಬತ್ತರ ದಶಕದಲ್ಲಿ ಗುಜರಾತ್ ತನ್ನ ಬಿಸಿಯೂಟದ ಜೊತೆಗೆ ಜಂತುಹುಳುವಿನ ಮಾತ್ರೆ, ಎ ಜೀವಸತ್ವ, ಕಬ್ಬಿಣಾಂಶ ಸೇರಿಸಿದ್ದರ ಹಿಂದೆಯೂ ಇದೇ ತಂಡದ ದುಡಿಮೆಯಿತ್ತು.

ಇಂದು ದೇಶದ ಎಲ್ಲೆಡೆ ಒಂದರಿಂದ ಐದನೇ ತರಗತಿಯ ಮಕ್ಕಳಿಗೆ ವಾರಕ್ಕೊಂದು ಗುಲಾಬಿ ಮಾತ್ರೆ ಕೊಡಬೇಕೆಂಬ ನಿಯಮವಿದೆ. ಅದರಲ್ಲಿ 45 ಮಿಲಿಗ್ರಾಂ ಕಬ್ಬಿಣಾಂಶ. ನಿಯಮ ಸರಿಯಾಗಿದೆ, ಮಾತು ಸಾಲದಾಗಿದೆ. ಖಾಲಿ ಹೊಟ್ಟೆಯಲ್ಲಿ ನುಂಗಿದರೆ ವಾಕರಿಕೆ, ಮರುದಿನ ಕಪ್ಪು ಮಲ. ಹೆತ್ತವರು ಗಾಬರಿಯಾಗಿ ‘ಇನ್ನು ಮೇಲೆ ತಗೋಬೇಡ’ ಎನ್ನುವುದಕ್ಕೆ ಅಷ್ಟು ಸಾಕು. ಊಟವಾದ ಮೇಲೆ ತಗೋ, ಬೆನ್ನಿಗೇ ಚಹಾ ಕುಡಿಯಬೇಡ, ಮಲ ಕಪ್ಪಾದರೆ ಹೆದರಬೇಡ ಎಂಬ ಮೂರು ಮಾತು ಮನೆ ಮುಟ್ಟದಿದ್ದರೆ ಮಾತ್ರೆ ರಿಜಿಸ್ಟರಿನ ಟಿಕ್ಕಿಗಷ್ಟೇ ಸರಿ.

ತಟ್ಟೆಯ ವಿಚಾರದಲ್ಲಿ ನಮ್ಮ ರಾಜ್ಯ ಒಂದು ಹೆಜ್ಜೆ ಮುಂದಿದೆ ಎಂದರೆ ಅದು ಅಭಿಮಾನದ ಮಾತಲ್ಲ. ಕರ್ನಾಟಕದ ಶಾಲೆಗಳಲ್ಲಿ ಮೊಟ್ಟೆ ಇದೆ, ತಿನ್ನದವರಿಗೆ ಬಾಳೆಹಣ್ಣು ಇದೆ. ಮಗುವಿಗೆ ಆಯ್ಕೆ ಇದೆ. ಗುಜರಾತಿನ ಶಾಲೆಯೂಟದಲ್ಲಿ ಮೊಟ್ಟೆಗೆ ಜಾಗವಿಲ್ಲ. 2024ರ ಡಿಸೆಂಬರಿನಲ್ಲಿ ಅಲ್ಲಿ ಶುರುವಾದ ಪೌಷ್ಟಿಕ ಉಪಾಹಾರದಲ್ಲಿ ಕಡಲೆ ಇದೆ, ಸುಖಡಿ ಇದೆ. ಗೋಧಿಹಿಟ್ಟನ್ನು ತುಪ್ಪದಲ್ಲಿ ಹುರಿದು, ಬೆಲ್ಲ ಕಲಸಿ, ತಟ್ಟೆಗೆ ಹರವಿ ಕತ್ತರಿಸುವ ಆ ಸಿಹಿ ಮಕ್ಕಳ ನಾಲಿಗೆಗೆ ಹಬ್ಬ. ಪ್ರೋಟೀನಿನ ಲೆಕ್ಕದಲ್ಲಿ ಕಡಲೆಯೇ ಮೇಲು.

ಅಹಮದಾಬಾದಿನ ರಿವರ್‌ಸೈಡ್ ಶಾಲೆಯ ಸ್ಥಾಪಕಿ ಕಿರಣ್ ಬೀರ್ ಸೇಠಿ ತಟ್ಟೆಯ ಬದಲು ಆಟದ ದಾರಿ ಹಿಡಿದರು. 2007ರಲ್ಲಿ ಅವರು ಆರಂಭಿಸಿದ ‘ಎಪ್ರೋಚ್’ ಅಭಿಯಾನ ನಗರದ ಬಿಡುವಿಲ್ಲದ ಬೀದಿಯೊಂದಕ್ಕೆ ಆಗಾಗ ವಾಹನ ಬಾರದಂತೆ ತಡೆದು ಅದನ್ನು ಮಕ್ಕಳ ಆಟದ ಬಯಲಾಗಿಸಿತು. ಊರು ಯಾರದ್ದು ಎಂಬ ಪ್ರಶ್ನೆಯನ್ನು ರಸ್ತೆಯ ನಡುವೆ ನಿಲ್ಲಿಸಿದ ಕಲ್ಪನೆ ಅದು. ಆದರೂ ಸಂಜೆ ಬ್ಯಾರಿಕೇಡ್ ಎತ್ತಿದರೆ ಬೀದಿ ಮತ್ತೆ ಸ್ಕೂಟರಿನದು. 2025ರ ಜುಲೈಯಿಂದ ಗುಜರಾತ್ ಎಂಟನೇ ತರಗತಿವರೆಗೆ ಶನಿವಾರಗಳನ್ನು ಬ್ಯಾಗಿಲ್ಲದ ದಿನವಾಗಿಸಿದ್ದು ಇದಕ್ಕಿಂತ ಸಪ್ಪೆಯಾಗಿ ಕಾಣಬಹುದು. ಆದರೆ ವಾರವಾರ ಬರುವ ಆಟ, ಸಂಗೀತ, ಚಿತ್ರಕಲೆ ಮಗುವಿಗೆ ರೂಢಿಯಾಗುತ್ತದೆ. ಕರ್ನಾಟಕದ ಶಾಲೆಗಳ ಬ್ಯಾಗಿಲ್ಲದ ‘ಸಂಭ್ರಮ ಶನಿವಾರ’ ತಿಂಗಳಿಗೊಮ್ಮೆ ಬರುವಂಥದ್ದು. ವಾರವಾರದ ಈ ರೂಢಿಯನ್ನು ನಾವು ಗುಜರಾತಿನಿಂದ ಕಲಿಯಬೇಕು.

ಸೂರತ್ ಕಲಿಸುವ ಪಾಠ ಎರಡು: ಒಂದು ದಿನನಿತ್ಯದ ಶುಚಿತ್ವದ್ದು, ಇನ್ನೊಂದು ಭಾಷೆಯದು. 1994ರ ಪ್ಲೇಗಿನ ಸುದ್ದಿಗೆ ಲಕ್ಷಾಂತರ ಜನ ಊರು ಬಿಟ್ಟು ಓಡಿದ್ದರು. ಆಮೇಲೆ ಪಾಲಿಕೆ ಆಯುಕ್ತ ಎಸ್. ಆರ್. ರಾವ್ ಅವರ ಕಾಲದಲ್ಲಿ ಆ ನಗರ ಸ್ವಚ್ಛತೆಗೆ ಹೆಸರಾಯಿತು. ದಿನವೂ ಕಸ ಎತ್ತಿದ್ದರಿಂದ ಬಂದ ಹೆಸರದು. ಮಗ್ಗಗಳಿಗೆ ದುಡಿಯಲು ಬಂದವರ ಮಕ್ಕಳಿಗಾಗಿ ಅಲ್ಲಿನ ನಗರ ಪ್ರಾಥಮಿಕ ಶಿಕ್ಷಣ ಸಮಿತಿ ಗುಜರಾತಿಯ ಜೊತೆಗೆ ಮರಾಠಿ, ಹಿಂದಿ, ಉರ್ದು, ಒಡಿಯಾ, ತೆಲುಗು ಮಾಧ್ಯಮದ ಶಾಲೆಗಳನ್ನೂ ನಡೆಸುತ್ತದೆ. ಕೈ ತೊಳೆ ಎನ್ನುವ ಮಾತು ಒಡಿಶಾದ ಗಂಜಾಮಿನಿಂದ ಬಂದ ಮಗುವಿಗೆ ಒಡಿಯಾದಲ್ಲೇ ಕೇಳಿಸುವುದು ಯಾವ ಆರೋಗ್ಯ ಸಪ್ತಾಹಕ್ಕೂ ಕಡಿಮೆಯದಲ್ಲ.

ದಿನಚರಿ ಸಡಿಲವಾದರೆ ಸಂತೋಷದ ದಿನವೇ ಮೃತ್ಯುವಾಗುತ್ತದೆ. 2024ರ ಜನವರಿ 18ರಂದು ವಡೋದರದ ಹರಣಿ ಕೆರೆಯಲ್ಲಿ ಶಾಲಾ ಪ್ರವಾಸದ ದೋಣಿ ಮಗುಚಿ 12 ಮಕ್ಕಳು, ಇಬ್ಬರು ಶಿಕ್ಷಕಿಯರು ತೀರಿಕೊಂಡರು. ದೋಣಿಯಲ್ಲಿ ಹಿಡಿಸುವುದಕ್ಕಿಂತ ಹೆಚ್ಚು ಜನರಿದ್ದರು. ಬಹಳ ಮಂದಿಗೆ ಜೀವರಕ್ಷಕ ಜಾಕೆಟ್ ಇರಲಿಲ್ಲ. ತಲೆ ಎಣಿಸುವುದು, ಜಾಕೆಟ್ಟಿನ ಪಟ್ಟಿ ಬಿಗಿಯುವುದು ಯಾವ ಬ್ಯಾನರಿನಲ್ಲೂ ಕಾಣದ ಆರೋಗ್ಯ ಚಟುವಟಿಕೆಗಳು.

ಹಾಗೆಂದು ತಿಥಿ ಭೋಜನ ಬೇಡ ಎನ್ನಲಾರೆ. ಮಗಳ ಹುಟ್ಟುಹಬ್ಬಕ್ಕೆ ಶಾಲೆಗೆ ಬರುವ ಮನೆಯವರು ಸುಖಡಿಯ ತಟ್ಟೆಯ ಜೊತೆಗೆ ಒಂದು ವರ್ಷಕ್ಕಾಗುವಷ್ಟು ಸಾಬೂನನ್ನೂ ತರಲಿ. ಮುಂದಿನ ಹುಟ್ಟುಹಬ್ಬದವರೆಗೂ ನಲ್ಲಿಯ ಪಕ್ಕ ಅದು ಸವೆಯುತ್ತಿರಲಿ.