ಆವೃತ್ತಿನಿರ್ಣಯ: ಪ್ಯಾಕೇಜ್ ಸಾಧನಗಳ ತೌಲನಿಕ ವಿಮರ್ಶೆ

ಇಂದಿನ ಪ್ರೋಗ್ರಾಮುಗಳಲ್ಲಿ ಲೇಖಕನು ತಾನೇ ಬರೆದ ಭಾಗವು ಬಹುಮಟ್ಟಿಗೆ ಅಲ್ಪ. ಇತರರ ಲೈಬ್ರರಿಗಳಿಂದ ತಂದುಕೊಂಡುದೇ ಅಧಿಕ. ಹೀಗೆ ತರುವ ಕಾರ್ಯವನ್ನು ಪ್ಯಾಕೇಜ್ ಮ್ಯಾನೇಜರ್ ಎಂಬ ಸಾಧನವೂ, ತಂದುದನ್ನು ಕ್ರಮವರಿತು ಜೋಡಿಸುವ ಕಾರ್ಯವನ್ನು ಬಿಲ್ಡ್ ಸಾಧನವೂ ನಡೆಸುತ್ತವೆ. ಇವುಗಳನ್ನು ಹೋಲಿಸುವವರು ಸಾಮಾನ್ಯವಾಗಿ ವೇಗವನ್ನೂ ಆಜ್ಞೆಗಳ ಸೌಲಭ್ಯವನ್ನೂ ಅಳತೆಗೋಲಾಗಿ ಹಿಡಿಯುತ್ತಾರೆ. ಅವು ಉಪೇಕ್ಷಣೀಯವಲ್ಲವಾದರೂ ಗೌಣವೆಂದು ನಮ್ಮ ಅಭಿಪ್ರಾಯ. ಒಂದೇ ಮೂಲವನ್ನು ಇಬ್ಬರು ಬೇರೆ ಬೇರೆ ದಿನಗಳಲ್ಲಿ ಸಿದ್ಧಪಡಿಸಿದರೆ ಇಬ್ಬರಿಗೂ ಒಂದೇ ಪ್ರೋಗ್ರಾಂ ದೊರೆಯುವುದೇ ಎಂಬುದೇ ಮುಖ್ಯ ಪ್ರಶ್ನೆ.

ಬೆಲ್ ಪ್ರಯೋಗಾಲಯದಲ್ಲಿ ಸ್ಟುವರ್ಟ್ ಫೆಲ್ಡ್‌ಮನ್ 1976ರಲ್ಲಿ ರಚಿಸಿದ ‘ಮೇಕ್’ ಎಂಬ ಸಾಧನಕ್ಕೆ ಈ ಪ್ರಶ್ನೆಯು ಈ ರೂಪದಲ್ಲಿ ಎದುರಾಗಿರಲಿಲ್ಲ. ಕಡತಗಳು ಎದುರಿಗೇ ಇರುತ್ತವೆಂದು ಭಾವಿಸಿ, ಅವುಗಳ ಕಾಲವನ್ನು ಹೋಲಿಸಿ, ಬದಲಾದುದನ್ನು ಮಾತ್ರ ಅದು ಪುನಃ ಸಿದ್ಧಪಡಿಸುತ್ತಿತ್ತು. 1995ರಲ್ಲಿ ಪರ್ಲ್ ಭಾಷೆಯ ‘ಸಿಪಾನ್’ ಭಂಡಾರವು ತೆರೆದ ಮೇಲೆ, ಲೈಬ್ರರಿಗಳನ್ನು ದೂರದಿಂದ ತರಿಸಿಕೊಳ್ಳುವ ಪದ್ಧತಿ ಬೆಳೆಯಿತು. ಅದರೊಡನೆ, ಅನೇಕ ಆವೃತ್ತಿಗಳಲ್ಲಿ ಯಾವುದನ್ನು ತರಬೇಕೆಂಬ ತೊಡಕೂ ಬೆಳೆಯಿತು.

ಒಂದು ದೃಷ್ಟಾಂತವನ್ನು ತೆಗೆದುಕೊಳ್ಳೋಣ. ನಮ್ಮ ಪ್ರೋಗ್ರಾಂ ‘ಕ’ ಮತ್ತು ‘ಚ’ ಎಂಬ ಲೈಬ್ರರಿಗಳನ್ನು ಈ ಕ್ರಮದಲ್ಲಿ ಅವಲಂಬಿಸಿದೆ. ಇವೆರಡಕ್ಕೂ ‘ಟ’ ಎಂಬ ಮೂರನೆಯದು ಬೇಕು: ‘ಕ’ ಕೇಳುವುದು ಅದರ 1.2ನ್ನು, ‘ಚ’ ಕೇಳುವುದು 1.4ನ್ನು. ಭಂಡಾರದಲ್ಲಿರುವ ಅತ್ಯಂತ ಹೊಸದು 1.9. ಜಾವಾ ಭಾಷೆಯ ಮೇವೆನ್ ಇಲ್ಲಿ 1.2ನ್ನು ಆರಿಸುತ್ತದೆ, ಅವಲಂಬನೆಯ ವೃಕ್ಷದಲ್ಲಿ ಹತ್ತಿರವಿರುವುದಕ್ಕೆ, ದೂರವು ಸಮವಾದರೆ ಮೊದಲು ಹೆಸರಿಸಿದುದಕ್ಕೆ ಪ್ರಾಶಸ್ತ್ಯ ಕೊಡುವುದು ಅದರ ನಿಯಮ. ಅದೇ ಜಾವಾ ಭಾಷೆಗೆ, ಅದೇ ಭಂಡಾರದಿಂದ ತರುವ ಗ್ರೇಡಲ್, ಕೇಳಿದವುಗಳಲ್ಲಿ ಹೊಸದಾದ 1.4ನ್ನು ಆರಿಸುತ್ತದೆ. ರಸ್ಟ್ ಭಾಷೆಯ ಕಾರ್ಗೊ 1.2 ಎಂಬುದನ್ನು ‘1.2 ಅಥವಾ ಅದಕ್ಕಿಂತ ಹೊಸದು, ಆದರೆ 2.0ಕ್ಕಿಂತ ಹಳೆಯದು’ ಎಂದು ಅರ್ಥಮಾಡಿ 1.9ನ್ನು ತರುತ್ತದೆ. ಜಾವಾಸ್ಕ್ರಿಪ್ಟ್ ಭಾಷೆಯ ಎನ್‌ಪಿಎಂ ತಾನಾಗಿ ಬರೆದಿಡುವ ಸೂಚನೆಯ ಫಲವೂ ಇದೇ. ಗೋ ಭಾಷೆಯ ಸಾಧನವು 1.4ಕ್ಕೆ ನಿಲ್ಲುತ್ತದೆ.

ಇದರಿಂದ ಆವೃತ್ತಿನಿರ್ಣಯವು ಭಾಷೆಯ ಸ್ವಭಾವದಿಂದ ಹುಟ್ಟಿದುದಲ್ಲ, ಸಾಧನವನ್ನು ಕಟ್ಟಿದವರ ಅಭಿಪ್ರಾಯವೆಂಬುದು ಸ್ಪಷ್ಟವಾಗುತ್ತದೆ. ಈ ಅಭಿಪ್ರಾಯಗಳಲ್ಲಿ ಮೇವೆನ್ನಿನದು ಅತ್ಯಂತ ದುರ್ಬಲ. 1.4ರಲ್ಲಿ ಮಾತ್ರವಿರುವ ಒಂದು ಅಂಶವನ್ನು ‘ಚ’ ನೆಚ್ಚಿದ್ದರೆ, ಜೋಡಣೆಯ ಕಾಲದಲ್ಲಿ ತೋರದ ದೋಷವು ಪ್ರೋಗ್ರಾಂ ನಡೆಯುವಾಗ ತಲೆಯೆತ್ತಬಹುದು. ಸಾಮೀಪ್ಯವು ಯೋಗ್ಯತೆಯ ಪ್ರಮಾಣವಲ್ಲ.

ಕಾರ್ಗೊ ಮತ್ತು ಎನ್‌ಪಿಎಂಗಳ ಮಾರ್ಗದಲ್ಲಿ ತೊಡಕು ಬೇರೆ. ನಾಳೆ 1.10 ಪ್ರಕಟವಾದರೆ ಮೂಲದಲ್ಲಿ ಒಂದಕ್ಷರವೂ ಬದಲಾಗದೆ ಫಲ ಬದಲಾಗುತ್ತದೆ. ಇದಕ್ಕೆ ಪರಿಹಾರವೇ ಲಾಕ್ ಕಡತ. ಗ್ರಂಥಸಂಪಾದಕನು ತಾನು ಯಾವ ಪ್ರತಿಯ ಪಾಠವನ್ನು ಸ್ವೀಕರಿಸಿದೆನೆಂದು ದಾಖಲಿಸುವಂತೆ, ಒಮ್ಮೆ ಆರಿಸಿದ ಆವೃತ್ತಿಗಳೆಲ್ಲವನ್ನೂ ಅದು ದಾಖಲಿಸುತ್ತದೆ. ಕಾರ್ಗೊ ಇದನ್ನು ಮೊದಲಿನಿಂದಲೂ ಅಂಗೀಕರಿಸಿತ್ತು; ಎನ್‌ಪಿಎಂ ತಾನಾಗಿಯೇ ಅದನ್ನು ಬರೆಯತೊಡಗಿದುದು 2017ರಲ್ಲಿ. ಆದರೂ ಲೈಬ್ರರಿಯೊಂದರ ಲಾಕ್ ಅದನ್ನು ಬಳಸುವವರನ್ನು ಬಂಧಿಸುವುದಿಲ್ಲ. 2018ರಲ್ಲಿ ಬಂದ ಗೋ ಮಾಡ್ಯೂಲ್ ಪದ್ಧತಿಯಲ್ಲಿ ಆವೃತ್ತಿಯನ್ನು ಆರಿಸಲು ಲಾಕ್ ಬೇಕಿಲ್ಲ. ಯಾರೂ ಕೇಳದ ಹೊಸ ಆವೃತ್ತಿ ತಾನಾಗಿ ಒಳಬರುವಂತೆಯೇ ಇಲ್ಲ.

ದೋಷಪರಿಹಾರದ ಹೊಸ ಆವೃತ್ತಿಯೂ ಹಾಗೆ ತಾನಾಗಿ ಬಾರದಲ್ಲವೇ ಎಂದು ಆಕ್ಷೇಪಿಸಬಹುದು. ಆಕ್ಷೇಪವು ಯುಕ್ತವಾದುದೇ. ಆದರೆ ಒಮ್ಮೆ ಬರೆದ ಲಾಕ್ ಕಡತವೂ ಅದನ್ನು ಹಾಗೆಯೇ ತಡೆಯುತ್ತದೆ. ಎರಡರಲ್ಲಿಯೂ ಒಬ್ಬ ಮನುಷ್ಯನು ಬುದ್ಧಿಪೂರ್ವಕವಾಗಿ ಬದಲಿಸಬೇಕು. ಮತ್ತೊಂದು ವಿಷಯದಲ್ಲಿ ಕಾರ್ಗೊ ಮತ್ತು ಎನ್‌ಪಿಎಂಗಳ ಗುಣವನ್ನು ಒಪ್ಪಲೇಬೇಕು: 1 ಮತ್ತು 2ರಂತಹ ಹೊಂದದ ಆವೃತ್ತಿಗಳು ಎದುರಾದಾಗ ಅವು ಎರಡನ್ನೂ ಜೊತೆಜೊತೆಯಾಗಿ ಇರಗೊಡುತ್ತವೆ. ಮೇವೆನ್ ಒಂದನ್ನೇ ಉಳಿಸುತ್ತದೆ.

ಆವೃತ್ತಿಯ ಹೆಸರನ್ನು ಬರೆದಿಟ್ಟುಕೊಂಡ ಮಾತ್ರಕ್ಕೆ ವಸ್ತುವು ಉಳಿಯುವುದಿಲ್ಲ. 2016ರ ಮಾರ್ಚ್ 22ರಂದು ‘ಲೆಫ್ಟ್-ಪ್ಯಾಡ್’ ಎಂಬ 11 ಸಾಲುಗಳ ಲೈಬ್ರರಿಯನ್ನು ಅದರ ಕರ್ತೃವು ಎನ್‌ಪಿಎಂ ಭಂಡಾರದಿಂದ ಹಿಂತೆಗೆದುಕೊಂಡನು. ಅದನ್ನು ಪರೋಕ್ಷವಾಗಿ ಅವಲಂಬಿಸಿದ್ದ ಅಸಂಖ್ಯ ಪ್ರೋಗ್ರಾಮುಗಳ ಜೋಡಣೆ ನಿಂತಿತು. ಬೇರೊಬ್ಬರು ಸಮಾನವಾದುದನ್ನು 1.0.0 ಎಂದು ಕೂಡಲೇ ಪ್ರಕಟಿಸಿದರೂ ಸಾಲದಾಯಿತು. ಅನೇಕರು ಕೇಳಿದ್ದುದು 0.0.3ನ್ನೇ. ಕಡೆಗೆ ಭಂಡಾರದವರೇ ಹಳೆಯದನ್ನು ಮರಳಿ ಸ್ಥಾಪಿಸಿ, ಹಿಂತೆಗೆತದ ನಿಯಮವನ್ನು ಬಿಗಿಗೊಳಿಸಿದರು. ರಸ್ಟ್ ಭಂಡಾರದಲ್ಲಿ ಸಾಮಾನ್ಯವಾಗಿ ನಡೆಯುವ ಹಿಂತೆಗೆತವು ಹೊಸ ಬಳಕೆಯನ್ನಷ್ಟೇ ತಡೆಯುತ್ತದೆ. ಲಾಕ್‌ನಲ್ಲಿ ಹೆಸರಿಸಿದವರಿಗೆ ಹಳೆಯದು ದೊರೆಯುತ್ತಲೇ ಇರುತ್ತದೆ. ಆದಕಾರಣ ಸಾಧನದ ಗುಣವನ್ನು ಭಂಡಾರದ ನೀತಿಯಿಂದ ಬೇರ್ಪಡಿಸಿ ತೂಗಲಾಗದು.

ಒಟ್ಟಿನಲ್ಲಿ, ನಿರ್ಣಯದ ಸ್ಥೈರ್ಯದಲ್ಲಿ ಗೋ, ಸಮಗ್ರತೆಯಲ್ಲಿ ಕಾರ್ಗೊ ಮುಂದಿವೆಯೆಂದು ನಾವು ಭಾವಿಸುತ್ತೇವೆ. ನಮ್ಮ ಕಾಲೇಜುಗಳಿಗೆ ಈ ವಿವೇಚನೆ ದೂರದ ಮಾತಲ್ಲ. ವಿದ್ಯಾರ್ಥಿಯ ಯಂತ್ರದಲ್ಲಿ ನಡೆದ ಪ್ರೋಗ್ರಾಂ ಪರೀಕ್ಷಕರ ಯಂತ್ರದಲ್ಲಿ ನಡೆಯದಿದ್ದರೆ ಅಂಕವನ್ನು ಕಳೆದುಕೊಳ್ಳುವವನು ವಿದ್ಯಾರ್ಥಿ. ತಪ್ಪು ಮಾತ್ರ ಯಾರೂ ನೋಡದ ಒಂದು ಆವೃತ್ತಿಸಂಖ್ಯೆಯದಾಗಿರಬಹುದು. ಆದ್ದರಿಂದ ಮೂಲದೊಡನೆ ಲಾಕ್ ಕಡತವನ್ನೂ ಒಪ್ಪಿಸಬೇಕೆಂದು ವಿಧಿಸುವುದೂ, ಸಾಧನದ ಆಜ್ಞೆಗಳಿಗೆ ಮುನ್ನ ಅದರ ಆಯ್ಕೆಯ ನಿಯಮವನ್ನು ಬೋಧಿಸುವುದೂ ಅಧ್ಯಾಪಕರ ಕರ್ತವ್ಯವಾಗಿದೆ.