ಬೆವರುತ್ತಿದ್ದ ಕಾರಂಜಿ

ರೋಮಿನ ಕೊಲೋಸಿಯಮ್ಮಿನ ಎದುರು ಕ್ರಿ.ಶ. ಮೊದಲ ಶತಮಾನದ ಕೊನೆಗೆ ಫ್ಲೇವಿಯನ್ ಚಕ್ರವರ್ತಿಗಳು ಕಟ್ಟಿಸಿದ ಮೆಟಾ ಸುಡಾನ್ಸ್ ಕಾರಂಜಿಯ ಚೆಲುವೆಲ್ಲ ಅದರ ಸಂಯಮದಲ್ಲಿತ್ತು. ಹೆಸರಿನ ಅರ್ಥವೇ ‘ಬೆವರುವ ತಿರುವುಗಂಬ’. ರಥದೋಟದ ಅಂಕಣದ ಕಂಬದಂತೆ ಚೂಪಾಗಿದ್ದ ಅದರ ಮೈಯಿಂದ ನೀರು ಆರ್ಭಟಿಸಿ ಚಿಮ್ಮದೆ, ಜಿನುಗುತ್ತ ಬುಡದ ದುಂಡು ತೊಟ್ಟಿಗೆ ಇಳಿಯುತ್ತಿತ್ತು. ಪಕ್ಕದಲ್ಲೇ ರಕ್ತದ ಆಟಗಳ ಗದ್ದಲವಿದ್ದ ಚೌಕಕ್ಕೆ ಇದಕ್ಕಿಂತ ಹದವಾದ ಅಲಂಕಾರ ನನಗೆ ತೋಚದು.

1936ರಲ್ಲಿ ಮುಸೊಲಿನಿಯ ಆಡಳಿತ ಮೆರವಣಿಗೆಯ ಹಾದಿಗಾಗಿ ಅದನ್ನು ಕೆಡವಿತು. ಉಳಿದಿದ್ದದ್ದು ನೀರಿಲ್ಲದ ಇಟ್ಟಿಗೆಯ ಮೋಟು ತಾನೇ, ಹೋದರೇನು ಎನ್ನುವವರುಂಟು. ಆದರೆ ಹೊದಿಕೆ ಕಳಚಿದ ಆ ಮೋಟೇ ಕಾರಂಜಿಯ ಗಾತ್ರವನ್ನೂ ನಿಲುವನ್ನೂ ಕಣ್ಣಳತೆಗೆ ಉಳಿಸಿಕೊಟ್ಟಿತ್ತು. ಹತ್ತೊಂಬತ್ತನೆಯ ಶತಮಾನದ ಫೋಟೊಗಳೇ ಸಾಕ್ಷಿ. ಮುಂದಿನ ಉತ್ಖನನದಲ್ಲಿ ತಳಪಾಯ ಮತ್ತೆ ಬೆಳಕಿಗೆ ಬಂತು, ನಿಜ. ತಳಪಾಯದಿಂದ ಅಗಲ ತಿಳಿಯುತ್ತದೆ. ಆಕಾಶದೆದುರು ಅದು ನಿಂತಿದ್ದ ಗತ್ತು ತಿಳಿಯುವುದಿಲ್ಲ.